ಬೀಗತಿ ಮಾಡಿದ ಬಾಣಂತನ

ಮಗಳ ಕುಬಸ ಬೋರಗಾಂವದ ಬೀಗರ ಮನೆಯಲ್ಲಿ ನಡೆಯಿತು. ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತವಳು ಏಳು ತಿಂಗಳ ಬಸುರಿ. ಪಕ್ಕದಲ್ಲಿ ನಿಂತ ನನ್ನ ಹೊಟ್ಟೆಯೂ ಸೀರೆಯ ನೆರಿಗೆಗಳನ್ನು ಮುಂದಕ್ಕೆ ದೂಡುತ್ತಿತ್ತು. ನನ್ನೊಳಗೆ ಇದ್ದದ್ದು ಗಡ್ಡೆಗಳು. ಆರತಿ ಮುಗಿಸಿದ ಅಜ್ಜಿಯೊಬ್ಬರು ನನ್ನ ಹೊಟ್ಟೆಯನ್ನೂ ಸವರಿ, "ತಾಯಿ-ಮಗಳದು ಕೂಡೇ ಮಾಡಿಬಿಡ್ರೆವಾ, ಒಂದ ಅಡಗ್ಯಾಗ ಮುಗೀತೈತಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಗಡ್ಡೆ ದೊಡ್ಡದಾಗಿವೆ, ಹೊಟ್ಟೆ ಕೊಯ್ದು ಗರ್ಭಕೋಶವನ್ನೇ ತೆಗೆಯಬೇಕು ಎಂದು ನಿಪ್ಪಾಣಿಯ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಮಗಳ ಬಾಣಂತನ ಮುಗಿಯಲಿ ಎಂದು ನಾನೇ ಮುಂದೆ ಹಾಕಿದ್ದೆ. ಚೊಚ್ಚಲ ಬಾಣಂತನ ತವರಿನದು. ನಮ್ಮ ಕಡೆ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಕುಬಸ ಮುಗಿಸಿ ಮಗಳನ್ನು ಚಿಕ್ಕೋಡಿಗೆ ಕರೆತಂದೆ. ಹಳೆಯ ಮೆತ್ತನೆ ಧೋತರಗಳನ್ನು ಕುದಿಸಿ, ಒಣಗಿಸಿ, ಕೂಸಿನ ಬಟ್ಟೆಗೆಂದು ಚೌಕಾಕಾರ ಹರಿದು, ಅಂಚಿಗೆ ಅಂಚು ಕೂಡಿಸಿ ಮಡಿಚಿಟ್ಟೆ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಮಡಿಕೆ ಅದು.

ಅವಳಿಗೆ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ನನ್ನ ರಕ್ತಸ್ರಾವ ನಿಲ್ಲದಾಯಿತು. ಅಡುಗೆಮನೆಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಗೋಡೆ ಹಿಡಿಯುತ್ತಿದ್ದೆ. ಆಸ್ಪತ್ರೆಗೆ ಸೇರಿಸಿ, ರಕ್ತ ಏರಿಸಿ, ಆಪರೇಷನ್ ಮಾಡಿಯೇಬಿಟ್ಟರು. ಒಳಗೆ ಒಯ್ಯುವಾಗ ಮಗಳು ತನ್ನ ಹೊಟ್ಟೆಯ ಮೇಲೆ ಒಂದು ಕೈ, ನನ್ನ ಹಣೆಯ ಮೇಲೆ ಒಂದು ಕೈ ಇಟ್ಟುಕೊಂಡಿದ್ದಳು. "ಸಾರಿ" ಅಂದೆ. ಅದೂ ಕಾನ್ವೆಂಟಿನದೇ. ಚಮಚ ಬಿದ್ದರೂ ಅನ್ನುತ್ತೇನೆ.

ನಾನು ಮನೆಗೆ ಬಂದು ಇನ್ನೂ ಬಗ್ಗಿಕೊಂಡೇ ನಡೆಯುತ್ತಿದ್ದಾಗ ಅವಳು ಅದೇ ಆಸ್ಪತ್ರೆಯಲ್ಲಿ ಹೆತ್ತಳು. ಹೆಣ್ಣುಕೂಸು. ಬೀಗತಿ ಅಲ್ಲಿದ್ದರು, ನಾನಿರಲಿಲ್ಲ. ಫೋನ್ ಮಾಡಿ, "ಅಕ್ಕಾರ, ಬಾಣಂತಿನ್ನ ಬೋರಗಾಂವಕ್ಕ ಕರಕೊಂಡ ಹೋಗ್ರಿ. ನನ್ನಿಂದ ಆಗೂದಿಲ್ಲ. ಸಾರಿ" ಅಂದೆ.

"ಹುಡುಗಿ ತವರ್ಮನಿ ಅಂತಾಳ. ಕಾಲ ಹಿಡದ ಎಳಕೊಂಡ ಹೋಗ್ಲೇನ?" ಎಂದು ಅವರು ಫೋನಿಟ್ಟರು. ಸಿಟ್ಟೋ ಏನೋ ತಿಳಿಯಲಿಲ್ಲ.

ಆಸ್ಪತ್ರೆಯಿಂದ ಬಿಟ್ಟ ದಿನ ಗಾಡಿ ನಮ್ಮ ಬಾಗಿಲಿಗೇ ಬಂತು. ಮಗಳು ಇಳಿದಳು. ಹಿಂದೆ ಕೂಸನ್ನು ಎತ್ತಿಕೊಂಡು ಬೀಗತಿ ಇಳಿದರು. ಅವರ ಹಿಂದೆ ತುಪ್ಪದ ಡಬ್ಬಿ, ಅಂಟಿನ ಉಂಡಿಯ ಡಬ್ಬಿ, ಬಟ್ಟೆಯ ಗಂಟು. ಬೀಗತಿ ಬಂದರೆ ಕಾಲಿಗೆ ನೀರು ಕೊಟ್ಟು, ಕೂರಿಸಿ, ಕೈಯಲ್ಲಿ ಕೆಲಸ ಹಿಡಿಯಗೊಡದೆ ಕಳಿಸಬೇಕಾದ ಮನೆ ನಮ್ಮದು. ನನ್ನ ಗಂಡ ಗಾಬರಿಯಿಂದ ತಂಬಿಗೆ ಹಿಡಿದು ನಿಂತರು. ಅವರು ಕಾಲು ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬಚ್ಚಲ ಎಲ್ಲೈತ್ರಿ?" ಅಂದರು.

ಒಂದೇ ಕೋಣೆಯಲ್ಲಿ ಎರಡು ಮಂಚ. ಒಂದರ ಮೇಲೆ ಮಗಳು, ಒಂದರ ಮೇಲೆ ನಾನು. ಇಬ್ಬರಿಗೂ ಸಬ್ಬಸಗಿ ಪಲ್ಯ, ಬಿಸಿ ರೊಟ್ಟಿ, ತುಪ್ಪ. ಇಬ್ಬರ ಹೊಟ್ಟೆಗೂ ಪಟ್ಟಿ. ನೋಡಲು ಬಂದ ಓಣಿಯ ಹೆಂಗಸು ಬಾಗಿಲಲ್ಲೇ ನಿಂತು, "ಇದರಾಗ ಬಾಣಂತಿ ಯಾರ್ರೀ?" ಅಂದಳು.

"ಇಬ್ರೂ" ಅಂದರು ಬೀಗತಿ. "ಮಗಳು ಕೂಸ ಹಡದಾಳ, ತಾಯಿ ಪಿಶವಿನ ಹಡದಾಳ."

ಸಂತೆಯ ಚೀಲಕ್ಕೂ ಗರ್ಭಕೋಶಕ್ಕೂ ನಮ್ಮ ಕಡೆ ಪಿಶವಿ ಎಂದೇ ಅನ್ನುವುದು. ಹೊಲಿಗೆಯ ಮೇಲೆ ದಿಂಬು ಒತ್ತಿಕೊಂಡು ನಕ್ಕೆ. ಕಣ್ಣಲ್ಲಿ ನೀರು ಬಂತು, ನೋವಿಗೋ ನಗುವಿಗೋ. ನಕ್ಕದ್ದಕ್ಕೂ ನಾಚಿಕೆಯಾಯಿತು, ಅದೇ ಗಳಿಗೆಯಲ್ಲಿ ಅವರು ನೆಲದ ಮೇಲೆ ಕೂತು, ನಾನು ಒಗೆಯಬೇಕಾಗಿದ್ದ ಕೂಸಿನ ಬಟ್ಟೆಗಳನ್ನು ಮಡಿಸುತ್ತಿದ್ದರು. ಅಂಚು ಕೂಡಿಸದೆ, ಮುದ್ದೆ ಮಾಡಿ.

ಒಂದು ದಿನ ನನ್ನ ತಲೆಗೂ ನೀರು ಹಾಕಿದರು. ಕುರ್ಚಿಯ ಮೇಲೆ ಕೂತು ತಲೆ ತಗ್ಗಿಸಿದ್ದೆ. ಅವರ ಬಳೆಗಳು ನನ್ನ ಕಿವಿಯ ಹತ್ತಿರ ಸದ್ದು ಮಾಡುತ್ತಿದ್ದವು. "ಸಾರಿ ಅಕ್ಕಾರ" ಅಂದೆ.

"ಮುಂಜಾನಿಂದ ಎಷ್ಟ ಸಾರಿ ಸಾರಿ ಅಂದ್ರಿ? ಒಂದೊಂದ ಸಾರಿಗೂ ಒಂದೊಂದ ಸೀರಿ ಕೊಟ್ಟಿದ್ರ ನಾ ಅಂಗಡಿ ಇಡ್ತಿದ್ದೆ. ಕಣ್ಣ ಮುಚ್ಚರಿ, ಶೀಗೀಕಾಯಿ ಹೋದೀತ."

ಇವೆಲ್ಲ ಸಹಿಸಬಹುದಿತ್ತು. ಒಂದು ಮಧ್ಯಾಹ್ನ ನಿದ್ದೆ ಹತ್ತಿದಾಗ "ಅವ್ವಾ" ಎಂದು ಮಗಳು ನರಳಿದ್ದು ಕೇಳಿಸಿತು. ಹಾಲು ಕಟ್ಟಿ ಅವಳ ಮೈ ಬಿಸಿಯಾಗಿತ್ತು. ಮಗ್ಗುಲಾಗಿ, ಕೈಯೂರಿ ಏಳಬೇಕೆಂಬುದನ್ನು ಮರೆತು ನೆಟ್ಟಗೆ ಎದ್ದುಬಿಟ್ಟೆ. ಹೊಟ್ಟೆಯಲ್ಲಿ ಏನೋ ಚುಳ್ಳೆಂದಿತು. ನಾನು ಮಂಚದ ಅಂಚು ಮುಟ್ಟುವಷ್ಟರಲ್ಲಿ ಬೀಗತಿ ಒದ್ದೆ ಕೈ ಒರೆಸುತ್ತ ಬಂದು, "ಬಂದ್ನಿ ತಾಯಿ" ಎಂದು ಅವಳ ಎದೆಗೆ ಬಿಸಿ ಬಟ್ಟೆ ಇಟ್ಟರು.

ಮಗಳು ನನ್ನ ಕಡೆ ತಿರುಗಿ, "ನೀ ಯಾಕ ಎದ್ದಿ ಮಮ್ಮಿ?" ಅಂದಳು.

ಆಗ ನೆನಪಾಯಿತು. ಅವಳು ಅವ್ವ ಅನ್ನುವುದು ಅತ್ತೆಗೆ. ನನಗಲ್ಲ. ಓಣಿಯ ಮಕ್ಕಳೆಲ್ಲ ಅವ್ವ ಅನ್ನುತ್ತಿದ್ದಾಗ ತೊದಲು ಬಾಯಿಗೆ ಮಮ್ಮಿ ಎಂದು ತಿದ್ದಿ ತಿದ್ದಿ ಕಲಿಸಿದವಳು ನಾನೇ. ನೋವಿನಲ್ಲಿ ಬಾಯಿಗೆ ಬಂದದ್ದು ನಾನು ಕಲಿಸದ ಮಾತು. ದಿಂಬು ಒತ್ತಿಕೊಂಡು ಮತ್ತೆ ಮಲಗಿದೆ. ಯಾರ ಮೇಲೂ ಸಿಟ್ಟು ಬರಲಿಲ್ಲ. ಬಂದಿದ್ದರೆ ಹಗುರವಾಗುತ್ತಿತ್ತೇನೋ.

ತಪಾಸಣೆಗೆ ಹೋದಾಗ ಡಾಕ್ಟರಮ್ಮ ಗಾಯ ನೋಡಿ, ತುಂಬಿದ ಕೊಡ, ಸಿಲಿಂಡರು ಇನ್ನೂ ಮುಟ್ಟಬ್ಯಾಡ್ರಿ ಅಂದರು. "ಕೂಸು?" ಎಂದು ಕೇಳಿದೆ. ಅವರು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಕುಂತಾಗ ಯಾರರ ತೊಡಿ ಮ್ಯಾಲ ಇಡ್ಲಿ. ಬಗ್ಗಿ ಎತ್ತಬ್ಯಾಡ್ರಿ, ಇನ್ನ ಸ್ವಲ್ಪ ದಿನ."

ತೊಟ್ಟಿಲ ಕಾರ್ಯವಾದ ಮೇಲೆ ಬೀಗತಿ ಹೊರಟರು. ಅವರದು ನೇಕಾರರ ಮನೆ, ಮಗ್ಗಗಳು ನಡೆಯಬೇಕು, ಮಗನ ಫೋನು ಬರುತ್ತಲೇ ಇತ್ತು. ಉಡಿ ತುಂಬಲು ನಿಂತೆ. ಅಕ್ಕಿ, ಕುಪ್ಪಸದ ಬಟ್ಟೆ ಹಾಕಿ, ತೆಂಗಿನಕಾಯಿಗೆ ಕೈ ಹಾಕುವಷ್ಟರಲ್ಲಿ ಅವರೇ ಅದನ್ನೆತ್ತಿ ತಮ್ಮ ಉಡಿಗೆ ಹಾಕಿಕೊಂಡರು. "ನೀವು ಕುಂಕುಮ ಹಚ್ಚರಿ ಬೀಗರ. ಅದಕ್ಕೇನ ತೂಕಿಲ್ಲ."

ಹಚ್ಚಿದೆ. ಸ್ವಲ್ಪ ಮೂಗಿನ ಮೇಲೂ ಉದುರಿತು. ಅವರು ಒರೆಸಿಕೊಳ್ಳದೆ ಹಾಗೇ ಗಾಡಿ ಹತ್ತಿದರು.

ಮರುದಿನ ಮುಂಜಾನೆ ಬಚ್ಚಲಲ್ಲಿ ಗಿಡ್ಡ ಮಣೆಯ ಮೇಲೆ ಕೂತು ಕಾಲು ಚಾಚಿದೆ. ಮಗಳು ಕೂಸನ್ನು ತಂದು ನನ್ನ ಕಾಲ ಮೇಲೆ ಮಲಗಿಸಿದಳು. ನನ್ನ ಕೈಯ ಹಿಡಿತ ಅದಕ್ಕೆ ಹೊಸದು. ಮುಖ ಕೆಂಪಾಗಿಸಿ ಕಿರುಚಿತು.

"ಹಂಗಲ್ಲ ಮಮ್ಮಿ. ಅವ್ವ ಹಿಂಗ ಹಿಡೀತಿದ್ರು" ಎಂದು ಮಗಳು ನನ್ನ ಅಂಗೈಯನ್ನು ಕೂಸಿನ ಕುತ್ತಿಗೆಯ ಕೆಳಗೆ ಸರಿಸಿಟ್ಟಳು. ನಾನು ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ನೀರು ಎರೆದೆ. ಬಗ್ಗಿದಾಗಲೆಲ್ಲ ಗಾಯ ಜಗ್ಗುತ್ತಿತ್ತು. ಒಂದು ಹನಿ ಕಣ್ಣಿಗೆ ಹೋಗಿ ಕೂಸು ಮತ್ತೆ ಅತ್ತಿತು.

"ಸಾರಿ, ಸಾರಿ" ಅಂದೆ ಕೂಸಿಗೆ.

"ಮೊದಲ್ನೇ ಮಾತ ಅದನ್ನ ಕಲಸ್ತಿ ಏನ ಇದಕ್ಕ?" ಅಂದಳು ಮಗಳು.

ಬಾಯಿ ಮುಚ್ಚಿಕೊಂಡು ಇನ್ನೊಂದು ತಂಬಿಗೆ ಎರೆದೆ. ಅಳು ನಿಂತಿತು. ಮಗಳು ಬಗ್ಗಿ, ನನ್ನ ಕಾಲ ಮೇಲಿಂದ ಕೂಸನ್ನು ಎತ್ತಿಕೊಂಡಳು. ನನ್ನ ಕೈಗಳು ಅದರ ಹಿಂದೆಯೇ ಸ್ವಲ್ಪ ಮೇಲೆ ಹೋಗಿ, ನಿಂತವು.