ದರ್ರಾಜಿ ಹಾಸಿದ ಫುಟ್‌ಪಾತ್

ದರ್ರಾಜಿ ತೀರಿಕೊಂಡು ನಾಲ್ಕು ತಿಂಗಳಾಯಿತು. ಅವನ ಬಗ್ಗೆ ಬರೆಯಲು ಕುಳಿತಾಗಲೆಲ್ಲ ಮೊದಲು ನಗು ಬರುತ್ತದೆ. ನಕ್ಕ ಮೇಲೆ ಸ್ವಲ್ಪ ಹೊತ್ತು ಬರೆಯಲಾಗುವುದಿಲ್ಲ.

ಅವನು ಟೈಲ್ಸ್ ಹಾಸುವವನು. ಕೊನೆಯ ಹತ್ತು ವರ್ಷ ನಮ್ಮ ಊರು ಐನ್ ಲೌಜಿನ ಪುರಸಭೆಯಲ್ಲಿ ವಿರೋಧ ಪಕ್ಷದ ಸದಸ್ಯನೂ ಆಗಿದ್ದ. ಹದಿನೈದು ಜನರ ಸಭೆಯಲ್ಲಿ ವಿರೋಧದವರು ಆರು ಮಂದಿ, ಬಾಯಿದ್ದವನು ಇವನೊಬ್ಬನೇ. ನಾನು ಇಲ್ಲಿಯ ಪ್ರೌಢಶಾಲೆಯಲ್ಲಿ ಅರಬ್ಬಿ ಕಲಿಸುತ್ತಿದ್ದೆ, ಅವನ ಭಾಷಣಗಳನ್ನು ತಿದ್ದಿಕೊಡುತ್ತಿದ್ದೆ. ತಿದ್ದಿದ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೋಗಿ, ಅಲ್ಲಿ ಬಾಯಿಗೆ ಬಂದದ್ದನ್ನೇ ಹೇಳಿ ಬರುತ್ತಿದ್ದ.

"ಯಾಕೋ ಓದ್ಲಿಲ್ಲ?" ಎಂದರೆ, "ನಿಮ್ಮ ಪುಸ್ತಕದ ಅರಬ್ಬಿಲಿ ಬೈದ್ರೆ ಅಧ್ಯಕ್ಷನಿಗೆ ಹೊಗಳಿದ ಹಾಗೆ ಕೇಳ್ಸುತ್ತೆ ಮೇಷ್ಟ್ರೇ" ಎನ್ನುತ್ತಿದ್ದ.

ನಮ್ಮ ಕಡೆ ಫುಟ್‌ಪಾತನ್ನು ಬೆಳೆಯ ಹಾಗೆ ವರ್ಷಕ್ಕೊಮ್ಮೆ ಕೀಳುತ್ತಾರೆ, ವರ್ಷಕ್ಕೊಮ್ಮೆ ಹಾಕುತ್ತಾರೆ. ವಸಂತದಲ್ಲಿ ಪ್ರಾಂತ್ಯದ ದೊಡ್ಡ ಅಧಿಕಾರಿ ಊರು ನೋಡಲು ಬರುತ್ತಾರೆ. ಅವರ ಕಾರು ಹೋಗುವುದು ಮುಖ್ಯ ಬೀದಿಯಲ್ಲಿ. ಆದ್ದರಿಂದ ಊರಿನ ದುಡ್ಡೆಲ್ಲ ಆ ಬೀದಿಯ ಎರಡು ಬದಿಗೆ. ಕುದ್ಯಾ ಗುಡ್ಡದ ಕೇರಿಗೆ ಮಾತ್ರ ರಸ್ತೆಯೇ ಇರಲಿಲ್ಲ. ಹಿಮ ಕರಗುವಾಗ ಅಲ್ಲಿಯ ಹೆಂಗಸರು ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಇಳಿದು, ಬುಡದ ಬೇಲಿಗೆ ಆ ಚೀಲಗಳನ್ನು ಸಿಕ್ಕಿಸಿ ಪೇಟೆಗೆ ಬರುತ್ತಿದ್ದರು. ದರ್ರಾಜಿಯನ್ನು ಗೆಲ್ಲಿಸಿದವರು ಅವರೇ. ರಸ್ತೆ ಮಾಡಿಸುತ್ತೇನೆಂದು ಅವರ ಅಡುಗೆಮನೆಗಳಲ್ಲಿ ಕೂತು ಮಾತು ಕೊಟ್ಟಿದ್ದ.

ತಮಾಷೆಯೆಂದರೆ, ಮುಖ್ಯ ಬೀದಿಯ ಕೆಲಸ ಪ್ರತಿ ವರ್ಷ ಗುತ್ತಿಗೆದಾರ ಬುಜೆಮಾನಿಗೆ, ಅವನ ಕೈಕೆಳಗೆ ಹಾಸುವ ಕೆಲಸ ದರ್ರಾಜಿಗೆ. ಸಭೆಯಲ್ಲಿ ಇದು ದಂಡದ ಖರ್ಚು ಎಂದು ಗುಡುಗಿ, ಮರುವಾರ ಅಲ್ಲೇ ಮೊಣಕಾಲೂರಿ ಕೂರುತ್ತಿದ್ದ. ಕಾಫಿ ಅಂಗಡಿಯವರು ಬಿಡುತ್ತಿದ್ದರೇ?

"ಏನ್ ಸದಸ್ಯರೇ, ನಿನ್ನೆ ಬೈದಿದ್ದನ್ನ ಇವತ್ತು ಹಾಸ್ತಿದ್ದೀರಾ?"

"ಬೈಯೋಕೆ ಯಾರೂ ಕೂಲಿ ಕೊಡಲ್ಲ ಕಣಪ್ಪಾ. ನೀನು ಕೊಡ್ತೀಯಾ?"

ಒಂದು ವರ್ಷ ಅವನಿಗೆ ಏನಾಯಿತೋ, ಆಳವಾಗಿ ಅಗೆದು, ಸ್ವಂತ ಮನೆಗೆ ಕಲಸುವಂತೆ ಸಿಮೆಂಟು ಕಲಸಿ ಹಾಸಿದ. ಮೂರು ದಿನ ಒದ್ದೆ ಗೋಣಿ ಹೊದಿಸಿ, ಹಾದುಹೋಗುವವರನ್ನೆಲ್ಲ ಗದರಿಸಿ ಓಡಿಸಿದ. ಇದರಲ್ಲಿ ಏನೋ ಉಪಾಯವಿದೆ ಎಂದು ನಾನು ತಿಳಿದಿದ್ದೆ. ಕೇಳಿದಾಗ ಹೇಳಿದ: "ಉಪಾಯ ಎಂಥದೂ ಇಲ್ಲ. ಕೈಯಾರೆ ಮಾಡಿದ್ದನ್ನ ಕೈಯಾರೆ ಕಿತ್ತು ಕಿತ್ತು ಬೇಜಾರಾಗಿದೆ."

ಮರುವರ್ಷ ಮಾರ್ಚಿನಲ್ಲಿ ಮತ್ತೆ 'ಮುಖ್ಯ ಬೀದಿಯ ಫುಟ್‌ಪಾತ್ ನವೀಕರಣ' ಸಭೆಗೆ ಬಂತು. ಹಿಂದಿನ ದಿನ ಅವನು ಕಾಫಿಯಲ್ಲಿ ಚಮಚ ತಿರುಗಿಸುತ್ತಲೇ ಇದ್ದ.

"ಮೂರು ತಿಂಗಳ ಕೆಲಸ ಮೇಷ್ಟ್ರೇ. ಊರಲ್ಲಿ ಬುಜೆಮಾ ಬಿಟ್ರೆ ಬೇರೆ ಗುತ್ತಿಗೆದಾರ ಇಲ್ಲ. ನಾಳೆ ನಾನು ಇದನ್ನ ತಡೆದ್ರೆ ಅವನು ಇನ್ನು ನನ್ನ ಕರೆಯಲ್ಲ."

"ಹಾಗಾದ್ರೆ ಸುಮ್ನಿರು."

"ಗುಡ್ಡದವ್ರಿಗೆ ಏನ್ ಹೇಳ್ಲಿ?"

ಅವತ್ತು ಅವನು ಭಾಷಣದ ಹಾಳೆ ತಿದ್ದಿಸಿಕೊಳ್ಳದೆಯೇ ಎದ್ದುಹೋದ.

ಮರುದಿನ ನಾನು ಸಾರ್ವಜನಿಕರ ಬೆಂಚಿನಲ್ಲಿ ಕುಳಿತಿದ್ದೆ, ಪಕ್ಕದಲ್ಲೇ ಬುಜೆಮಾ. ಅಧ್ಯಕ್ಷ ನಾಫಾ ನಯವಾದ ಮನುಷ್ಯ. ದರ್ರಾಜಿ ಎದ್ದು, ಫುಟ್‌ಪಾತ್ ಗಟ್ಟಿಯಾಗಿದೆ, ಆ ಹಣ ಗುಡ್ಡದ ರಸ್ತೆಗೆ ಹೋಗಲಿ ಎಂದ ಕೂಡಲೇ ನಾಫಾ ನಕ್ಕ.

"ದರ್ರಾಜಿಯವರೇ, ಹೋದ ವರ್ಷ ಅದನ್ನ ಹಾಸಿದ್ದು ಯಾರು?"

"ನಾನೇ."

"ನಮ್ಮ ಎಂಜಿನಿಯರು ಅದು ಹಾಳಾಗಿದೆ ಅಂತ ಬರ್ದಿದ್ದಾರೆ. ಹಾಳಾಗಿದ್ರೆ ಅದು ನಿಮ್ಮ ಕೆಲಸದ ಕುಂದು, ಆದ್ರೂ ನಾವು ಮತ್ತೆ ನಿಮಗೇ ಕೆಲಸ ಕೊಡ್ತಿದ್ದೀವಿ. ಹಾಳಾಗಿಲ್ಲ ಅಂದ್ರೆ, ಪಾಪ, ಈ ವರ್ಷ ನಿಮಗೇ ಕೆಲಸ ಇಲ್ಲ. ಯಾವುದು ಬರ್ಕೊಳ್ಳಲಿ?"

ಸಭೆಯೆಲ್ಲ ನಕ್ಕಿತು. ದರ್ರಾಜಿ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಏನೂ ಬರ್ಕೋಬೇಡಿ. ಬೀದಿ ಇಲ್ಲೇ ಕೆಳಗಿದೆ, ಬನ್ನಿ. ಬುಜೆಮಾನ ವ್ಯಾನಲ್ಲಿ ಸುತ್ತಿಗೆ ಇದೆ. ಎಲ್ಲಿ ಬೇಕೋ ಅಲ್ಲಿ ಅವನೇ ಕಿತ್ತು ನೋಡ್ಲಿ."

ನಾಫಾನಿಗೆ ಬೇಡ ಎನ್ನಲಾಗಲಿಲ್ಲ. ಹದಿನೈದೂ ಜನ ಇಳಿದು ಬಂದರು. ಕಾಫಿ ಅಂಗಡಿ ಖಾಲಿಯಾಗಿ ಬೀದಿಗೆ ಬಂತು. ಬುಜೆಮಾ ಉಳಿ ಇಟ್ಟು ಬಡಿದ. ಔಷಧಿ ಅಂಗಡಿಯ ಮುಂದೆ ಬಡಿದ, ಅಂಚೆ ಕಚೇರಿಯ ಮುಂದೆ ಬಡಿದ. ಟೈಲ್ಸಿನ ಮೂಲೆ ಚೂರಾಯಿತೇ ಹೊರತು ಒಂದೂ ಏಳಲಿಲ್ಲ. ಮೇಲಿನ ಬಾಲ್ಕನಿಯಿಂದ ವನಾಸಾ ಅಜ್ಜಿ ಬಗ್ಗಿ ನೋಡಿದಳು.

"ಲೋ ಬುಜೆಮಾ, ಬಡೀಬೇಡ್ವೋ, ನನ್ನ ಗೋಡೆ ಬಿರಿಯುತ್ತೆ. ಅದು ಏಳಲ್ಲ. ಕೂಸಿಗೆ ಹೊದಿಸಿದ ಹಾಗೆ ಗೋಣಿ ಹೊದಿಸ್ತಿದ್ದ, ನಾನೇ ನೋಡಿದೀನಿ."

ಹನ್ನೊಂದನೆಯ ಜಾಗದಲ್ಲಿ ಒಂದು ಟೈಲ್ಸು ಬಿಸ್ಕತ್ತಿನ ಹಾಗೆ ಮೇಲೆದ್ದಿತು. ನಾಫಾ ಅದನ್ನು ಎತ್ತಿ ಹಿಡಿದ. "ಇದೇನು?"

ದರ್ರಾಜಿ ಹತ್ತಿರ ಹೋಗಿ ನೋಡಿದ. "ನಂದೇ. ಅವತ್ತು ಸಂಜೆ ಮ್ಯಾಚ್ ಇತ್ತು, ಬೇಗ ಮುಗಿಸ್ದೆ. ಶುಕ್ರವಾರ ನಮಾಜ್ ಆದ್ಮೇಲೆ ಬಂದು ಹಾಕ್ತೀನಿ. ಕೂಲಿ ಬೇಡ."

ಬೀದಿಯೆಲ್ಲ ನಕ್ಕಿತು, ಆ ನಗೆಯಲ್ಲಿ ನಾಫಾನೂ ಸೇರಿಕೊಂಡ. ಮೇಲೆ ಹೋಗಿ ಮತ ಹಾಕುವಾಗ ಆಡಳಿತ ಪಕ್ಷದಲ್ಲಿದ್ದ ಗುಡ್ಡದ ಕೇರಿಯ ಇಬ್ಬರು ಮೆಲ್ಲಗೆ ಇವನ ಕಡೆ ಕೈ ಎತ್ತಿದರು. ಎಂಟಕ್ಕೆ ಏಳು. ಹಣ ಗುಡ್ಡಕ್ಕೆ ಹೋಯಿತು.

ಬುಜೆಮಾ ಹೇಳದೆ ಕೇಳದೆ ಅವನನ್ನು ಕೈಬಿಟ್ಟ. ಹದಿನಾಲ್ಕು ತಿಂಗಳು ದರ್ರಾಜಿ ಅವರಿವರ ಅಡುಗೆಮನೆ, ಬಚ್ಚಲುಮನೆ ಹಾಸಿದ. ಕೆಲಸವಿಲ್ಲದ ದಿನ ನಮ್ಮ ಮನೆಗೆ ಬಂದು, ಕೆಡದ ಅಡುಗೆಮನೆಗೆ ರಿಪೇರಿ ಬೇಕೆಂದು ವಾದಿಸುತ್ತಿದ್ದ. "ಅಧ್ಯಕ್ಷನ ಹಾಗೇ ಮಾತಾಡ್ತಿದ್ದೀಯಲ್ಲೋ" ಎಂದರೆ, "ಹೊಟ್ಟೆ ಖಾಲಿ ಆದ್ರೆ ಅವನ ಮಾತು ಅರ್ಥ ಆಗುತ್ತೆ ಮೇಷ್ಟ್ರೇ" ಎನ್ನುತ್ತಿದ್ದ. ಹಾಗೆ ಹೇಳುವಾಗ ಸ್ವಲ್ಪ ಇಳಿದುಹೋಗಿದ್ದ ಎಂಬುದನ್ನೂ ಬರೆಯಬೇಕು.

ಗುಡ್ಡದ ರಸ್ತೆಯ ಗುತ್ತಿಗೆಯೂ ಬುಜೆಮಾನಿಗೇ ಸಿಕ್ಕಿತು, ಇನ್ನಾರಿದ್ದರು? ಅವನ ಆಳುಗಳು ಇಳಿಜಾರಿನಲ್ಲಿಟ್ಟ ಅಂಚುಕಲ್ಲುಗಳು ಎರಡು ಸಲ ಜಾರಿ ಕೆಳಗೆ ಬಂದವು. ಒಂದು ದಿನ ಅವನು ಬಾದಾಮಿ ಮಿಠಾಯಿಯ ಪೆಟ್ಟಿಗೆ ಹಿಡಿದು ದರ್ರಾಜಿಯ ಬಾಗಿಲಿಗೆ ಬಂದ.

"ಬಾರೋ. ಗುಡ್ಡದಲ್ಲಿ ನೀನು ಎಷ್ಟು ಗಟ್ಟಿ ಹಾಸಿದ್ರೂ ನಾನು ಬೇಡ ಅನ್ನಲ್ಲ."

ಇವನು ಕೆಲಸಕ್ಕೆ ಹೋದ. ರಸ್ತೆ ಮುಗಿಯಿತು. ಮುಂದಿನ ಸಭೆಯಲ್ಲಿ ಬುಜೆಮಾನ ಬಿಲ್ಲು ಓದಿದಾಗ ದರ್ರಾಜಿ ಎದ್ದು ನಿಂತ.

"ಅಂಚುಕಲ್ಲು ನಾನೂರ ಅರವತ್ತು ಮೀಟರ್ ಅಂತ ಬರ್ದಿದೆ. ನಾನೂರೇ ಇರೋದು. ನಾನು ಮೊಣಕಾಲಲ್ಲಿ ಹೋಗಿದ್ದೀನಿ, ಮೊಣಕಾಲು ಸುಳ್ಳು ಹೇಳಲ್ಲ."

ಬೆಂಚಿನಲ್ಲಿದ್ದ ಬುಜೆಮಾ ಸಭೆ ಮುಗಿದ ಮೇಲೆ ಹೊರಗೆ ಅವನ ಕೊರಳಪಟ್ಟಿ ಹಿಡಿದ. "ನನ್ನ ಸಿಮೆಂಟು ಕಲಸಿ ನನ್ನನ್ನೇ ಬೈತೀಯೇನೋ?"

"ಬಿಲ್ಲು ತಪ್ಪು ಅಂದೆ, ಅಷ್ಟೆ. ಇನ್ನೂ ಅರವತ್ತು ಮೀಟರ್ ಹಾಸಿದ್ರೆ ಸರಿಯಾಗುತ್ತೆ. ನಾಳೆ ಕಲ್ಲು ತರ್ಸು, ಕೊನೆ ಮನೆಗಳ ತನಕ ಹೋಗೋಣ."

ಮೂರು ದಿನ ಬುಜೆಮಾ ಮಾತು ಬಿಟ್ಟ. ನಾಲ್ಕನೆಯ ದಿನ ಕಲ್ಲು ಬಂತು. ಆ ಕೆಲಸ ನವೆಂಬರಿನಲ್ಲಿ ಮುಗಿಯಿತು. ಜನವರಿಯಲ್ಲಿ ದರ್ರಾಜಿ ನಿದ್ದೆಯಲ್ಲೇ ಹೋದ. ಅರವತ್ತೊಂದು ವರ್ಷ.

ಸಾವಿನ ಮನೆಗೆ ಜನ ಬಂದುಹೋಗುವ ಮೂರು ದಿನವೂ ಬುಜೆಮಾ ಅಲ್ಲೇ ಇದ್ದ. ಬಂದವರಿಗೆಲ್ಲ ತಾನೇ ಕಾಫಿ ಬಗ್ಗಿಸಿ ಕೊಡುತ್ತಾ, ಆ ಅರವತ್ತು ಮೀಟರಿನಿಂದ ತನಗೆ ಎಷ್ಟು ನಷ್ಟವಾಯಿತೆಂದು ಒಬ್ಬೊಬ್ಬರಿಗೂ ಬಿಡದೆ ಹೇಳುತ್ತಿದ್ದ.