ಜಗ್ಗಣ್ಣನ ಆಚೆ ರಾಜ್ಯದ ನೋಂದಣಿ

ಅವನ ನಿಜವಾದ ಹೆಸರು ಬ್ಯಾಂಕಿನವರಿಗೆ ಗೊತ್ತು, ಹೆಂಡತಿಗೆ ಗೊತ್ತು. ಉಳಿದವರಿಗೆಲ್ಲ ಅವನು ಜಗ್ಗಣ್ಣ. ಸೋಫಾ, ಕುರ್ಚಿಗಳಿಗೆ ಹೊದಿಕೆ ಹೊಲಿಯುವ ಕುಶನ್ ಅಂಗಡಿಯ ಯಜಮಾನ. ಯಾರು ಹಾಕಿದ ಗಂಟೇ ಆಗಲಿ, ಎರಡು ಬೆರಳಲ್ಲಿ ಹಿಡಿದು ಒಮ್ಮೆ ಜಗ್ಗಿ ನೋಡದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ. ಬೀಗ ಹಾಕಿದ ಮೇಲೆ ಬೀಗ ಜಗ್ಗುತ್ತಾನೆ. ರಸ್ತೆ ದಾಟುವಷ್ಟರಲ್ಲಿ ಅನುಮಾನ ಬಂದು ಹಿಂದಿರುಗಿ ಮತ್ತೆ ಜಗ್ಗುತ್ತಾನೆ. ಕೆಲಸಗಾರರು ಮುಖ ಚಿಕ್ಕದು ಮಾಡಿಕೊಂಡರೆ, "ನೋಡ್ದೆ ನಂಬೋಕಾಗುತ್ತಾ?" ಎನ್ನುತ್ತಾನೆ. ಜಗ್ಗಣ್ಣ ಎಂಬ ಹೆಸರಿಟ್ಟವರೂ ಅವರೇ. ಮೊದಲು ಇಟ್ಟವರು ಯಾರು ಎಂದು ಅವನು ಇನ್ನೂ ಒಳಗೊಳಗೇ ವಿಚಾರಣೆ ನಡೆಸುತ್ತಿದ್ದಾನೆ.

ಅವನ ಮೇಜಿನ ಖಾನೆಯಲ್ಲಿ ಕೆಲವು ಹಳೆಯ ಫೋನುಗಳಿವೆ. ಅದು ಅವನೇ ಕಂಡುಹಿಡಿದ ಉಪಾಯ. ನಂಬಿಕೆ ಇಲ್ಲದವರಿಗೆ ಒಬ್ಬೊಬ್ಬರಿಗೆ ಒಂದೊಂದು ನಂಬರು. ರೆಕ್ಸಿನ್ ಮಾರುವವನಿಗೆ ಒಂದು, ಅಂಗಡಿ ಬಾಡಿಗೆಗೆ ಕೊಟ್ಟ ಮಾಲೀಕನಿಗೆ ಒಂದು, ಆಡಿಟರಿಗೆ ಒಂದು. ಗುರುತಿಲ್ಲದ ಕರೆ ಬಂತೆನ್ನಿ, ಯಾವ ಫೋನು ಬಡಿದುಕೊಂಡಿತು ಎಂದು ನೋಡಿದರೆ ಮುಗಿಯಿತು, ನಂಬರನ್ನು ಊರಿಗೆಲ್ಲ ಹಂಚಿದವನ ಬಣ್ಣ ಬಯಲು. ನಂಬಿಕೆ ಇರುವವರಿಗೆ ಕೊಡಲು ಒಂದು ಅಸಲಿ ನಂಬರೂ ಇತ್ತು. ಅದು ಇದ್ದದ್ದು ಇಬ್ಬರ ಹತ್ತಿರ ಮಾತ್ರ: ಹೆಂಡತಿ ಮತ್ತು ಅತ್ತಿಗೆ.

ಅತ್ತಿಗೆ ಎಂದರೆ ತೀರಿಹೋದ ಅಣ್ಣನ ಹೆಂಡತಿ. ಆ ಅಂಗಡಿಯಲ್ಲಿ ಅವರಷ್ಟು ಹಳಬರು ಯಾರೂ ಇಲ್ಲ. ಜಗ್ಗಣ್ಣನಿಗೆ ಸೂಜಿ ಹಿಡಿಯುವುದನ್ನು ಕಲಿಸಿದವರೇ ಅವರು. ಮೆಷಿನ್ನಿನಲ್ಲಿ ಹೊಲಿದ ಹೊದಿಕೆಗೆ ಫೋಮ್ ತುಂಬಿದ ಮೇಲೆ ಕೊನೆಯ ಬಾಯಿಯನ್ನು ಬಾಗಿದ ಸೂಜಿಯಿಂದ ಕೈಯಲ್ಲೇ ಮುಚ್ಚಬೇಕು. ಅತ್ತಿಗೆ ಮುಚ್ಚಿದ ಬಾಯಿ ಎಲ್ಲಿದೆ ಎಂದು ಕನ್ನಡಕ ಹಾಕಿಕೊಂಡು ಹುಡುಕಿದರೂ ಸಿಗುತ್ತಿರಲಿಲ್ಲ. ಅವರ ಮಗಳಿಗೆ ಸೇತುವೆಯ ಆಚೆ, ಪಕ್ಕದ ರಾಜ್ಯದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು, ಮೊಮ್ಮಗುವನ್ನು ನೋಡಿಕೊಳ್ಳಲು ಅತ್ತಿಗೆಯೂ ಅಲ್ಲಿಗೆ ಹೋದರು. ಕೆಲಸ ಮಾತ್ರ ಬಿಡಲಿಲ್ಲ. ಬಾಯಿ ತೆರೆದ ದಿಂಬುಗಳು ವ್ಯಾನಿನಲ್ಲಿ ಆಚೆ ಹೋಗುತ್ತಿದ್ದವು, ಬಾಯಿ ಮುಚ್ಚಿಕೊಂಡು ಈಚೆ ಬರುತ್ತಿದ್ದವು.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಆಡಿಟರ್ ಬಂದು ಜಗ್ಗಣ್ಣನ ತಲೆಗೆ ಹುಳ ಬಿಟ್ಟ.

"ನಿಮ್ಮ ಅತ್ತಿಗೆ ಕೂತು ಕೆಲಸ ಮಾಡ್ತಿರೋದು ಆಚೆ ರಾಜ್ಯದಲ್ಲಿ. ಅವರ ಸಂಬಳದ ತೆರಿಗೆ ಅಲ್ಲಿಗೆ ಹೋಗ್ಬೇಕು. ನಿಮ್ಮ ಅಂಗಡೀನ ಅಲ್ಲೂ ನೋಂದಾಯಿಸ್ಬೇಕು."

"ನನ್ನ ಅಂಗಡಿ ಇರೋದು ಇಲ್ಲಿ."

"ಅಂಗಡಿ ಇಲ್ಲಿ. ಕೆಲಸದ ಕೈ ಅಲ್ಲಿ."

"ಒಬ್ಬರೇ ಒಬ್ಬರಿಗೆ ಇಷ್ಟೆಲ್ಲಾ ರಾಮಾಯಣ ಯಾಕ್ರೀ?"

"ಒಬ್ಬರಿದ್ರೂ ಅಷ್ಟೇ. ಅಲ್ಲಿ ಹಿಡಿಯೋ ತೆರಿಗೇಲಿ ಒಂದು ಪಾಲು ಅನಾರೋಗ್ಯ ನಿಧಿಗೆ ಹೋಗುತ್ತೆ. ಕೆಲಸಗಾರರು ಆಪರೇಷನ್ ಅಂತ ಮನೇಲಿ ಕೂತ್ರೆ ಆ ನಿಧಿ ಸಂಬಳ ಕೊಡುತ್ತೆ. ನೋಂದಣಿ ಇಲ್ಲ ಅಂದ್ರೆ ಕೊಡಲ್ಲ."

"ಇದರಲ್ಲಿ ನಿಮಗೇನು ಲಾಭ?"

"ನನ್ನ ಫೀಸು."

"ಅದು ಬಿಟ್ಟು?"

ಆಡಿಟರ್ ಚೀಲ ಮುಚ್ಚಿಕೊಂಡು ಹೋದ. ಹೇಳಿ ಮಾಡಿಸಿದಂತೆ ಅದೇ ಸಂಜೆ ಅತ್ತಿಗೆಯ ಫೋನು ಬಂತು. ಬಲಗೈ ಮಣಿಕಟ್ಟು ತುಂಬಾ ನೋಯುತ್ತಿದೆ, ಬೆರಳು ಜೋಮು ಹಿಡಿಯುತ್ತದೆ, ಡಾಕ್ಟರು ಆಪರೇಷನ್ ಆಗಲೇಬೇಕು ಎಂದಿದ್ದಾರೆ. "ನೀನು ಇಲ್ಲಿ ನೋಂದಣಿ ಮಾಡಿಸಿಬಿಟ್ರೆ ನಾನು ದಿನ ಗೊತ್ತು ಮಾಡ್ಕೋತೀನಪ್ಪ. ಅಷ್ಟು ದಿನ ಸಂಬಳ ಇಲ್ದೆ ಕೂರೋಕಾಗಲ್ಲ," ಎಂದರು.

ಜಗ್ಗಣ್ಣನ ಕಿವಿ ನೆಟ್ಟಗಾಯಿತು. ಬೆಳಿಗ್ಗೆ ಆಡಿಟರ್ ಹೇಳಿದ ಮಾತನ್ನೇ ಸಂಜೆ ಅತ್ತಿಗೆ ಹೇಳುತ್ತಿದ್ದಾರೆ. ಇಬ್ಬರೂ ಮಾತಾಡಿಕೊಂಡಿದ್ದಾರೆ. ನಿಜವಾಗಿ ನಡೆದದ್ದೆಂದರೆ, ಅತ್ತಿಗೆಯ ವಿಳಾಸ ಕೇಳಲು ಆಡಿಟರ್ ಅವರಿಗೆ ಫೋನ್ ಮಾಡಿದ್ದ, ಆಗ ಈ ವಿಷಯ ಹೇಳಿದ್ದ, ಅಷ್ಟೇ. ಆದರೆ ಅಷ್ಟೇ ಎಂಬ ಪದಕ್ಕೆ ಜಗ್ಗಣ್ಣನ ತಲೆಯಲ್ಲಿ ಜಾಗವೇ ಇರಲಿಲ್ಲ. ಸೇತುವೆಯಾಚೆ ಹೊಸ ಮನೆಗಳು ಸಾಲುಸಾಲಾಗಿ ಏಳುತ್ತಿವೆ. ಮನೆ ಎದ್ದ ಮೇಲೆ ಸೋಫಾ ಬೇಡವೇ? ತನ್ನ ಅಂಗಡಿಯ ಹೆಸರು ಅಲ್ಲಿ ಒಮ್ಮೆ ದಾಖಲಾದರೆ ಸಾಕು, ಅತ್ತಿಗೆ ಅದೇ ಹೆಸರಿನಲ್ಲಿ ಅಲ್ಲೊಂದು ಅಂಗಡಿ ತೆರೆದು ಗಿರಾಕಿಗಳನ್ನೆಲ್ಲ ಬಾಚಿಕೊಳ್ಳುತ್ತಾರೆ. ಮಣಿಕಟ್ಟಿನ ನೋವು ಬರೀ ನೆಪ.

ಊಟಕ್ಕೆ ಕೂತಾಗ ಇದನ್ನು ಹೆಂಡತಿಗೆ ಹೇಳಿದ. ಅವಳು ಬಡಿಸುವ ಕೈ ನಿಲ್ಲಿಸಿ, "ರೀ, ದೀಪ ಹಾಕಿದ್ರೆ ಪಕ್ಕದಲ್ಲಿ ನಿಮ್ಮ ನೆರಳೂ ಕೂತಿರುತ್ತೆ. ಅದರ ಮೇಲೂ ಒಂದು ಕಣ್ಣಿಡಿ," ಎಂದಳು.

ಆದರೂ ಅರ್ಜಿ ಹಾಕದೆ ವಿಧಿಯಿರಲಿಲ್ಲ, ಹಾಕದಿದ್ದರೆ ದಂಡವೆಂದು ಆಡಿಟರ್ ಹೆದರಿಸಿದ್ದ. ಫೋನ್ ನಂಬರು ಎಂದು ಕೇಳಿದಲ್ಲಿ ಜಗ್ಗಣ್ಣ ಆಡಿಟರಿಗಾಗಿ ಇಟ್ಟಿದ್ದ ಖಾನೆಯ ನಂಬರನ್ನೇ ಹೇಳಿದ. ಬಲೆ ಬೀಸಿ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದ.

ಬಲೆಗೆ ಮೀನು ಬಿದ್ದೇಬಿಟ್ಟಿತು. ಮುಂದಿನ ವಾರ ಖಾನೆಯೊಳಗೆ ಫೋನು ಬಡಿದುಕೊಂಡಿತು. ಎತ್ತಿದರೆ ಒಬ್ಬ ಹೆಂಗಸಿನ ದನಿ: "ನಮಸ್ಕಾರ, ಸಂಬಳ ತೆರಿಗೆ ಇಲಾಖೆಯಿಂದ ಮಾತಾಡ್ತಿದೀನಿ. ನಿಮ್ಮ ಕೆಲಸಗಾರರ ವಿಚಾರ ಸ್ವಲ್ಪ—"

"ಈ ನಂಬರು ನಿಮಗೆ ಯಾರು ಕೊಟ್ರು?"

"ನೀವೇ ಕೊಟ್ಟಿದೀರಲ್ಲ ಸರ್, ಅರ್ಜೀಲಿ—"

"ನಾನೇ! ಕಳ್ಳರೆಲ್ಲ ಇಲಾಖೆಯವರು ಅಂತಾನೇ ಹೇಳೋದು. ನಿಮ್ಮ ಆಟ ನನ್ನ ಹತ್ರ ನಡೆಯಲ್ಲ, ಇಡಮ್ಮಾ!"

ಆ ನಂಬರನ್ನು ತಾನು ಅರ್ಜಿಗೆಂದೇ ಕೊಟ್ಟದ್ದು, ಅರ್ಜಿ ಹೋದದ್ದು ಇಲಾಖೆಗೆ, ಕರೆ ಬಂದದ್ದು ಇಲಾಖೆಯಿಂದ ಎಂಬ ಇಷ್ಟು ಸಣ್ಣ ವಿಷಯ ಅವನ ದೊಡ್ಡ ತಲೆಗೆ ಹೊಳೆಯಲೇ ಇಲ್ಲ. ಇಲಾಖೆ ಎಂದರೆ ಮೊಹರು ಒತ್ತಿದ ಪತ್ರ ಬರಬೇಕು, ಜೇನಿನಂಥ ದನಿಯ ಹೆಂಗಸಲ್ಲ ಎಂಬುದು ಅವನ ಲೆಕ್ಕ. ಮತ್ತೆ ಕರೆ ಬಂದಾಗಲೂ ಬೈದ. ಆಮೇಲೆ ಎತ್ತುವುದನ್ನೇ ಬಿಟ್ಟ. ಬಡಿದುಕೊಂಡಾಗಲೆಲ್ಲ ಖಾನೆಯನ್ನು ನೋಡಿ, ಗೆದ್ದವನ ಹಾಗೆ ಮೀಸೆಯ ಮೇಲೆ ಬೆರಳಾಡಿಸುತ್ತಿದ್ದ.

ಆಡಿಟರ್ ಸಿಕ್ಕಾಗ ಕೇಳಿದ, "ಇಲಾಖೆಯಿಂದ ಕರೆ ಏನಾದ್ರೂ ಬಂತಾ?"

"ಯಾವ ಕರೆ? ಬಂದಿಲ್ವಲ್ಲ," ಎಂದು ಜಗ್ಗಣ್ಣ ಅವನ ಮುಖವನ್ನೇ ನೋಡುತ್ತ ಹೇಳಿದ.

"ಬರುತ್ತೆ. ಬಂದ್ರೆ ಎತ್ತಿ ಉತ್ತರ ಕೊಡಿ. ಇಲ್ಲದಿದ್ರೆ ಅರ್ಜಿ ಮೂಲೆಗೆ ಹಾಕ್ತಾರೆ."

ಕರೆ ಬರುವುದು ಇವನಿಗೆ ಮೊದಲೇ ಗೊತ್ತು! ಜಗ್ಗಣ್ಣನಿಗೆ ಇನ್ನೇನು ಸಾಕ್ಷಿ ಬೇಕಿತ್ತು?

ಅತ್ತಿಗೆ ಕರೆ ಮಾಡಿದಾಗಲೆಲ್ಲ, "ನೋಂದಣಿ ಏನಾಯ್ತಪ್ಪ?" ಎಂದು ಕೇಳುತ್ತಿದ್ದರು. "ನಡೀತಿದೆ ಅತ್ತಿಗೆ," ಎಂದು ಇವನು ಜಾರಿಕೊಳ್ಳುತ್ತಿದ್ದ. ಬರಬರುತ್ತ ಅವರು ಕೇಳುವುದನ್ನು ನಿಲ್ಲಿಸಿದರು. ಕೇಳಿದಾಗ ಹುಟ್ಟಿದ್ದ ಅನುಮಾನ ಕೇಳದಿದ್ದಾಗ ದುಪ್ಪಟ್ಟಾಯಿತು. ಕೇಳುತ್ತಿಲ್ಲವೆಂದರೆ ಬೇರೆ ದಾರಿ ಹಿಡಿದಿದ್ದಾರೆ ಎಂದೇ ಅರ್ಥ.

ಅಷ್ಟರಲ್ಲಿ ವ್ಯಾನಿನಲ್ಲಿ ಬಂದ ದಿಂಬುಗಳನ್ನು ಜಗ್ಗಿ ನೋಡುತ್ತಿದ್ದವನ ಬೆರಳು ತಡವರಿಸಿತು. ಅತ್ತಿಗೆ ಬಲಗಡೆಯಿಂದ ಶುರು ಮಾಡಿ ಎಡಗಡೆಗೆ ಹೊಲಿಯುತ್ತಾರೆ. ಕೊನೆಯ ಗಂಟು ಯಾವಾಗಲೂ ಎಡತುದಿಯಲ್ಲಿ. ಕಣ್ಣು ಮುಚ್ಚಿಕೊಂಡರೂ ಅವನ ಬೆರಳು ಅಲ್ಲಿಗೇ ಹೋಗುತ್ತಿತ್ತು. ಈ ಸಲ ಅಲ್ಲಿ ಗಂಟಿಲ್ಲ. ಬಲತುದಿಯಲ್ಲಿದೆ. ಬೆಳಕಿಗೆ ಹಿಡಿದು ನೋಡಿದರೆ ಹೊಲಿಗೆಗಳೂ ಆ ಕಡೆಗೆ ವಾಲಿವೆ, ಅಲ್ಲಲ್ಲಿ ಕಣ್ಣಿಗೂ ಬೀಳುತ್ತಿವೆ. ಇನ್ನೊಂದು ದಿಂಬು ತೆಗೆದ, ಅದೂ ಹಾಗೆಯೇ. ಇದನ್ನು ಅತ್ತಿಗೆ ಹೊಲಿದಿಲ್ಲ, ಅದಂತೂ ಖಾತ್ರಿ. ಆಳುಗಳನ್ನಿಟ್ಟುಕೊಂಡಿದ್ದಾರೆ. ಅಂಗಡಿ ಆಗಲೇ ಶುರುವಾಗಿದೆ.

ಅವನಿಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಬೇರೇನೋ ಇತ್ತು, ಅಳು ಬರುವಂಥದ್ದು. ಅಸಲಿ ನಂಬರು ಕೊಟ್ಟಿದ್ದು ಜಗತ್ತಿನಲ್ಲಿ ಇಬ್ಬರಿಗೆ, ಅವರಲ್ಲಿ ಒಬ್ಬರು ಕೈಕೊಟ್ಟರು. ಸಾಕ್ಷಿಗೆಂದು ಒಂದು ದಿಂಬನ್ನು ಚೀಲಕ್ಕೆ ತುರುಕಿಕೊಂಡು, ಯಾರಿಗೂ ಹೇಳದೆ ಸೇತುವೆಯಾಚೆಯ ಬಸ್ಸು ಹತ್ತಿದ.

ಅತ್ತಿಗೆಯ ಮಗಳ ಮನೆ ಒಂದು ದೊಡ್ಡ ಕಟ್ಟಡದ ಮೇಲಿನ ಮಹಡಿಯಲ್ಲಿ. ಮೆಟ್ಟಿಲಿಗೆ ಹೊಸ ಬಣ್ಣದ ವಾಸನೆ. ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳನ್ನು ಪರೀಕ್ಷಿಸಿದ: ಅತ್ತಿಗೆಯದು, ಮಗುವಿನದು. ಆಳುಗಳು ಚಪ್ಪಲಿಯನ್ನು ಒಳಗೇ ತೆಗೆದುಕೊಂಡು ಹೋಗಿರಬೇಕು, ಉಪಾಯಗಾರರು. ಬಾಗಿಲಿಗೆ ಕಿವಿ ಆನಿಸಿದ. ಒಳಗಿನಿಂದ ಅತ್ತಿಗೆಯ ದನಿ:

"ಅಲ್ಲ, ಆ ಕಡೆಯಿಂದಲ್ಲ. ಕೆಳಗಿನಿಂದ ತಗೋ. ಹಾ... ಅಯ್ಯೋ, ಮತ್ತೆ ತಪ್ಪಿತು. ಇನ್ನೊಂದ್ಸಲ ಮಾಡು, ಏನೂ ಆಗಲ್ಲ. ನಿಧಾನ, ನಿಧಾನ."

ಹೇಳಿಕೊಡುತ್ತಿದ್ದಾರೆ! ತನಗೆ ಸೂಜಿ ಹಿಡಿಯಲು ಕಲಿಸುವಾಗ ಆಡಿದ್ದ ಮಾತನ್ನೇ ಯಾರಿಗೋ ಆಡುತ್ತಿದ್ದಾರೆ. ಜಗ್ಗಣ್ಣ ಬಾಗಿಲನ್ನು ತಳ್ಳಿಕೊಂಡೇ ಒಳಗೆ ಹೋದ.

ಕೋಣೆಯಲ್ಲಿ ಅತ್ತಿಗೆಯ ಹೊರತು ಯಾರೂ ಇರಲಿಲ್ಲ. ಮೂಲೆಯಲ್ಲಿ ಮಗು ನಿದ್ದೆಹೋಗಿತ್ತು. ಕಿಟಕಿಯ ಬಳಿ ಅತ್ತಿಗೆ ಎರಡು ಮಂಡಿಗಳ ನಡುವೆ ದಿಂಬನ್ನು ಅವುಚಿಕೊಂಡು ಕೂತಿದ್ದರು. ಬಲಗೈಗೆ ಬೆರಳಿನಿಂದ ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ಬಾಗಿದ ಸೂಜಿ ಎಡಗೈಯಲ್ಲಿತ್ತು.

"ಯಾರಿಗೆ ಹೇಳಿಕೊಡ್ತಿದ್ರಿ?" ಎಂದು ಕೇಳಿದ.

ಅತ್ತಿಗೆ ಎಡಗೈ ಎತ್ತಿ ತೋರಿಸಿದರು. "ಇದಕ್ಕೆ. ನಿನಗಿಂತ ಚುರುಕಾಗಿದೆ. ಬಾ, ಕೂತ್ಕೋ. ಚೀಲದಲ್ಲಿ ಏನು ತಂದೆ?"

ಚೀಲವನ್ನು ಅವನು ಬೆನ್ನ ಹಿಂದಕ್ಕೆ ಸರಿಸಿದ. "ಆಪರೇಷನ್?"

"ಮಾಡಿಸ್ಕೊಂಡು ಕೂತ್ರೆ ಸಂಬಳ ಯಾರು ಕೊಡ್ತಾರೆ? ನೋಂದಣಿ ಆಗ್ಲಿ ಅಂತ ಕಾದೆ. ಬಲಗೈ ಪೂರ್ತಿ ಕೈಬಿಟ್ಟಿತು, ಇದಕ್ಕೆ ಕಲಿಸೋಕೆ ಕೂತೆ. ಡಾಕ್ಟ್ರು ಬೈದ್ರು, ಇಷ್ಟು ತಡ ಮಾಡಿದ್ದೀರಿ, ಇನ್ನು ಬೆರಳಿಗೆ ಮೊದಲಿನ ಹಿಡಿತ ಬರುತ್ತೋ ಇಲ್ವೋ ಹೇಳೋಕಾಗಲ್ಲ ಅಂದ್ರು."

"ಇಲಾಖೆಯವರನ್ನ ಕೇಳ್ಬಾರ್ದಿತ್ತಾ, ಯಾಕೆ ತಡ ಅಂತ?"

"ಕೇಳ್ದೆ. ನಿಮ್ಮ ಯಜಮಾನ್ರಿಗೆ ಕರೆ ಮಾಡಿದ್ವಿ, ಕಳ್ಳರು ಅಂತ ಬೈದು ಫೋನ್ ಇಟ್ರು ಅಂದ್ರು. ಬೇರೆ ಯಾರೂ ಅಲ್ಲ, ನೀನೇ ಅಂತ ಗೊತ್ತಾಯ್ತು."

ಜಗ್ಗಣ್ಣನ ಕಿವಿಯಲ್ಲಿ ಖಾನೆಯ ಫೋನು ಬಡಿದುಕೊಳ್ಳತೊಡಗಿತು. "ಗೊತ್ತಾದ ಮೇಲೂ ನನಗ್ಯಾಕೆ ಹೇಳ್ಲಿಲ್ಲ ಅತ್ತಿಗೆ?"

"ಹೇಳಿದ್ರೆ ನಂಬ್ತಿದ್ಯಾ?"

ಜಗ್ಗಣ್ಣ ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯದೆ ಮಲಗಿದ್ದ ಮಗುವಿನ ಕಡೆ ನೋಡುತ್ತ ಕೂತ. ಮಗಳು ಕೆಲಸ ಮುಗಿಸಿ ಬಂದಳು. ಚಿಕ್ಕಪ್ಪನನ್ನು ನೋಡಿದಳು, ಬಂದದ್ದು ಯಾವಾಗ ಎಂದೂ ಕೇಳದೆ ಒಳಗೆ ಹೋದಳು. ಮಗುವನ್ನು ಅವಳಿಗೆ ಬಿಟ್ಟು ಇಬ್ಬರೂ ಇಲಾಖೆಗೆ ಹೊರಟರು.

ಅಲ್ಲಿ ಉದ್ದ ಸಾಲು, ಗಾಜಿನ ಕಿಂಡಿ. ಕಿಂಡಿಯ ಹಿಂದಿನ ಹೆಂಗಸು ಬಾಯಿ ತೆರೆದ ಕೂಡಲೇ ಜಗ್ಗಣ್ಣನಿಗೆ ಆ ಜೇನಿನ ದನಿಯ ಗುರುತು ಹತ್ತಿತು. ಅಂಗಡಿಯ ಹೆಸರು ಹೇಳಿದ ಅವನ ದನಿಯ ಗುರುತು ಅವಳಿಗೂ ಹತ್ತಿರಬೇಕು, ಕನ್ನಡಕದ ಮೇಲಿನಿಂದ ಅವನನ್ನೊಮ್ಮೆ ಅಳೆದಳು. "ಫೋನ್ ನಂಬರು?"

ಜಗ್ಗಣ್ಣ ಅಸಲಿ ನಂಬರನ್ನು ಹೇಳಿದ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ. ಅವಳು ಅಲ್ಲೇ ಆ ನಂಬರಿಗೆ ಕರೆ ಮಾಡಿದಳು. ಅವನ ಜೇಬು ಬಡಿದುಕೊಂಡಿತು. "ಎತ್ತಿ," ಎಂದಳು. ಗಾಜಿನ ಈಚೆ ನಿಂತು ಅವನು ಎತ್ತಿ, "ಹಲೋ," ಎಂದ. ಹಿಂದೆ ಯಾರೋ ನಕ್ಕರು.

"ಈಗ ಕೆಲಸಗಾರರ ಸಹಿ."

ಅತ್ತಿಗೆ ಎಡಗೈಯಲ್ಲಿ ಪೆನ್ನು ಹಿಡಿದು ಸಹಿ ಹಾಕಿದರು. ಕಿಂಡಿಯವಳು ಅದನ್ನು ಗುರುತಿನ ಚೀಟಿಯ ಪಕ್ಕ ಇಟ್ಟು ನೋಡಿದಳು, ತಿರುಗಿಸಿ ನೋಡಿದಳು. "ಇದು ಚೀಟಿಯಲ್ಲಿರೋ ಸಹಿ ಅಲ್ಲ. ಇವರು ಅವರೇನಾ?"

"ಏನ್ರೀ ಹಾಗಂದ್ರೆ?" ಜಗ್ಗಣ್ಣನ ದನಿ ಏರಿತು. "ನಮ್ಮ ಅತ್ತಿಗೆ ಇವರು! ಕೈ ನೋಡ್ತಿಲ್ವಾ ನೀವು? ಇವರ ಮೇಲೆ ಅನುಮಾನ ಪಡ್ತೀರಾ?"

"ದಿನಾ ಯಾರ್ಯಾರೋ ಬರ್ತಾರೆ ಸರ್," ಎಂದಳು ಅವಳು, ಸಿಟ್ಟಿಲ್ಲದೆ. "ನೋಡ್ದೆ ನಂಬೋಕಾಗುತ್ತಾ? ಸಹಿ ಹೊಂದ್ಬೇಕು. ಇಲ್ಲಾಂದ್ರೆ ಹೊಸ ಚೀಟಿ ಮಾಡಿಸ್ಕೊಂಡು ಬನ್ನಿ."

ಹೊಸ ಚೀಟಿ ಎಂದರೆ ಮತ್ತೆ ಅಲೆದಾಟ, ಮತ್ತೆ ತಡ. ಅತ್ತಿಗೆ ಬಲಗೈಯ ಬಟ್ಟೆ ಬಿಚ್ಚತೊಡಗಿದರು. ಒಂದೊಂದೇ ಸುತ್ತು ಬಿಚ್ಚಿಕೊಂಡು ಬಂತು. ಊದಿದ ಬೆರಳುಗಳ ನಡುವೆ ಎಡಗೈಯಿಂದಲೇ ಪೆನ್ನನ್ನು ಸಿಕ್ಕಿಸಿಕೊಂಡರು. ತುಟಿ ಕಚ್ಚಿಕೊಂಡು ಬರೆದರು. ಒಂದು ಅಕ್ಷರ, ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು. ಜಗ್ಗಣ್ಣ ಕಣ್ಣು ಬೇರೆಡೆಗೆ ಹೊರಳಿಸಲು ನೋಡಿದ, ಆಗಲಿಲ್ಲ. ಸಹಿ ಮುಗಿದಾಗ ಅವರ ಹಣೆಯಲ್ಲಿ ಬೆವರಿತ್ತು.

"ಹೊಂದುತ್ತೆ," ಎಂದಳು ಕಿಂಡಿಯವಳು, ಮೊಹರು ಒತ್ತುತ್ತ. "ನೋಂದಣಿ ಆಯ್ತು."

ಪಕ್ಕದ ಬೆಂಚಿನ ಮೇಲೆ ಕೂತು ಅತ್ತಿಗೆ ಕೈಯನ್ನು ಅವನ ಮುಂದೆ ಚಾಚಿದರು. ಜಗ್ಗಣ್ಣ ಬಟ್ಟೆಯನ್ನು ಸುತ್ತಿದ, ಅವರು ಕಲಿಸಿದ್ದ ಹಾಗೆಯೇ, ಸಡಿಲವಿಲ್ಲದೆ, ಬಿಗಿಯಿಲ್ಲದೆ. ತುದಿಗಳನ್ನು ಸೇರಿಸಿ ಗಂಟು ಹಾಕಿದ. ಹಾಕಿದ್ದೇ ತಡ, ಅವನ ಎರಡು ಬೆರಳುಗಳು ತಾವಾಗಿಯೇ ಆ ಗಂಟಿನ ಕಡೆಗೆ ಹೋದವು.

"ಜಗ್ಗಿ ನೋಡ್ಬೇಡಪ್ಪ," ಎಂದರು ಅತ್ತಿಗೆ. "ನೋಯುತ್ತೆ."