ಹಾಡುವ ಪೆಟ್ಟಿಗೆಗೆ ಎತ್ತಿದ ಆರತಿ

ಈ ಬೆಳಿಗ್ಗೆ ನಂಜನಗೂಡಿನ ಪೇಟೆಬೀದಿಯಲ್ಲಿ ಒಬ್ಬಾತ ಸೈಕಲ್ಲಿನ ರಬ್ಬರನ್ನು ಬೆಂಕಿಗೆ ಹಿಡಿದು ತೇಪೆ ಹಾಕುತ್ತಿದ್ದ. ಅದೇ ಹೊತ್ತಿಗೆ ಪಕ್ಕದ ಅಂಗಡಿಯವರು ಗಲ್ಲಾಪೆಟ್ಟಿಗೆಗೆ ಕರ್ಪೂರ ಬೆಳಗಿದರು. ಎರಡು ವಾಸನೆಯೂ ಕಲೆತು ಬಂದಾಗ ಉಳಿದವರು ಮೂಗು ಮುಚ್ಚಿಕೊಂಡು ದಾಟಿದರು. ನಾನು ಮಾತ್ರ ನಡುಬೀದಿಯಲ್ಲಿ ನಿಂತು, ಉಸಿರೆಳೆದುಕೊಂಡು ನಕ್ಕೆ. ಕಾರಣ ಬೇಕಾದರೆ ನನ್ನ ಜೊತೆ ತಿರುಮಕೂಡಲು ನರಸೀಪುರದವರೆಗೆ ಬನ್ನಿ. ಗಾಡಿ ಕುಲುಕುತ್ತದೆ ನಿಜ. ಬೇಸರ ಕಳೆಯಲು ಗಾಡಿಯವನ ಹಾಗೆ, ಎತ್ತಿನ ಹಾಗೆ, ಎಣ್ಣೆ ಕಾಣದ ಅಚ್ಚಿನ ಹಾಗೆ ಕೂಗಿ ತೋರಿಸುತ್ತೇನೆ.

ನನಗಿರುವುದು ಅದೊಂದೇ ವಿದ್ಯೆ. ದೇವರು ಎಲ್ಲರಿಗೂ ಒಂದೊಂದು ದನಿ ಹಂಚಿ, ನನ್ನ ಸರದಿ ಬಂದಾಗ "ಸದ್ಯಕ್ಕೆ ಯಾರದಾದರೂ ಎರವಲು ತಂದುಕೋ" ಎಂದಿರಬೇಕು. ಮೇಷ್ಟರ ಕೆಮ್ಮು, ಅಪ್ಪನ ಗೊರಕೆ ಎಲ್ಲ ನನ್ನ ಗಂಟಲಲ್ಲಿವೆ. ಅಪರೂಪಕ್ಕೆ ನನ್ನದೇ ದನಿಯಲ್ಲಿ ಮಾತಾಡಿದರೆ ಮನೆಯವರು "ಯಾರು ಬಂದ್ರು?" ಎಂದು ಕೇಳುತ್ತಾರೆ.

ನರಸೀಪುರದ ನನ್ನ ಸೋದರತ್ತೆಯ ಗಂಡ ಕಂದಾಯ ವಸೂಲಿಯ ಶೇಕ್‌ದಾರರು. ಮೀಸೆಯೇ ಅವರ ಅರ್ಧ ಕಚೇರಿ. ಐದಾರು ವರ್ಷದ ಹಿಂದೆ ಮೈಸೂರಿನಿಂದ ಒಂದು ಗ್ರಾಮಫೋನನ್ನೂ ಅದರ ಜೊತೆಗೆ ಒಂದೇ ಒಂದು ಹಾಡಿನ ತಟ್ಟೆಯನ್ನೂ ತಂದರು. ತಟ್ಟೆಯಲ್ಲಿ ಹೆಂಗಸೊಬ್ಬಳು ಹಾಡಿ, ಮುಗಿಸುವಾಗ ಗಟ್ಟಿಯಾಗಿ ತನ್ನ ಹೆಸರು, ಊರು ಹೇಳುತ್ತಿದ್ದಳು. ಅತ್ತೆಗೆ ಹಾಡಿಗಿಂತ ಅದೇ ಇಷ್ಟ.

"ನೋಡೋ, ಯಾರೂ ಕೇಳ್ದೇನೇ ಹೇಳ್ತಾಳೆ! ನನ್ನ ಹೆಸ್ರು ಈ ಊರಲ್ಲಿ ಯಾರಿಗೆ ಗೊತ್ತು? ಶೇಕ್‌ದಾರ್ರ ಮನೆಯವ್ರು, ಆಯ್ತು."

ಮಾವ ಸರ್ಕೀಟು ಹೊರಟಾಗಲೆಲ್ಲ ಕೀಲಿ ಕೊಡುವ ಹಿಡಿಯನ್ನು ಕಿತ್ತು ಕುದುರೆಯ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಯಾರಾದರೂ ಮುಟ್ಟಿ ಕೆಡಿಸಿದರೆ ಪೆಟ್ಟಿಗೆ ಮೈಸೂರಿಗೆ ವಾಪಸ್ಸು ಎಂದು ಹುಕುಂ ಬೇರೆ. ಹೀಗಾಗಿ ಅತ್ತೆಯ ಈ ಹಾಡುವ ಗೆಳತಿ ತಿಂಗಳಿಗೆ ಹದಿನೈದು ದಿನ ಮೂಗಿ.

ಒಂದು ಶುಕ್ರವಾರ ನಾನು ಮೂಗು ಸೋರಿಸಿಕೊಂಡು ಅಲ್ಲಿಗೆ ಹೋದಾಗ ಅತ್ತೆ ಆ ಪೆಟ್ಟಿಗೆಯ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಪಕ್ಕದಲ್ಲಿ ಆರತಿ ತಟ್ಟೆ. ಮನೆಯೆಲ್ಲ ಸುಟ್ಟ ವಾಸನೆ.

"ಹಾಡ್ದೇ ಇದ್ರೂ ಸರಸ್ವತಿ ಸರಸ್ವತೀನೇ ಅಲ್ವೇನೋ? ಶುಕ್ರವಾರ ಅಂತ ಕರ್ಪೂರ ಒಂಚೂರು ಹತ್ರ ಹಿಡ್ದೆ. ಗಂಟ್ಲೇ ಸುಟ್ಟೋಯ್ತು ಕಣೋ! ಸಂಜೆಗೆ ನಿಮ್ಮಾವ ಬರ್ತಾರೆ."

ಅವಳು ಗಂಟಲು ಎಂದದ್ದು ಮುಳ್ಳು ಸಿಕ್ಕಿಸುವ ದುಂಡು ಡಬ್ಬಿಯನ್ನು. ಚಾಕುವಿನ ತುದಿಯಿಂದ ತಿರುಪು ಬಿಚ್ಚಿದೆ. ಒಳಗೆ ಕಾಗೆಬಂಗಾರದ ತೆಳು ಬಿಲ್ಲೆ ಹಾಗೇ ಇತ್ತು. ಅದನ್ನು ಅಂಚಿನಲ್ಲಿ ಹಿಡಿದಿದ್ದ ರಬ್ಬರಿನ ಬಳೆ ಮಾತ್ರ ಕರಗಿ ಕಾಕಂಬಿಯಾಗಿತ್ತು. ಜಗಲಿಯಲ್ಲಿ ಮಾವನ ಸೈಕಲ್ಲು ಒರಗಿತ್ತು. ಅವರು ಮೊದಲ ಸವಾರಿಯಲ್ಲೇ ತಿಪ್ಪೆಗೆ ಬಿದ್ದ ಮೇಲೆ ಅದಕ್ಕೆ ಪಿಂಚಣಿಯಾಗಿತ್ತು. ಗಾಳಿ ತುಂಬುವ ಕಡೆ ಇರುವ ಸಣ್ಣ ರಬ್ಬರ್ ಕೊಳವೆಯನ್ನು ಎಳೆದು ತೆಗೆದೆ. ಚಕ್ರ ಉಸ್ಸೆಂದಿತು, ಅತ್ತೆಯೂ ಉಸ್ಸೆಂದಳು.

ಕೊಳವೆಯನ್ನು ಕತ್ತರಿಸಿ, ಬಳೆಯಂತೆ ಬಗ್ಗಿಸಿ ಕೂರಿಸಿದ್ದಾಯಿತು. ಆದರೆ ಕೀಲಿಯಿಲ್ಲದೆ ತಟ್ಟೆ ತಿರುಗಬೇಕಲ್ಲ! ನಾನು ಬೆರಳಿನಿಂದ ತಿರುಗಿಸಿದರೆ ಹಾಡುವವಳು ಒಮ್ಮೆ ಕೋಳಿಮರಿ, ಒಮ್ಮೆ ಕೋಣ.

"ಸರಿಯೋ ಅತ್ಲಾಗೆ," ಎಂದು ಅತ್ತೆ ಸೆರಗು ಸಿಕ್ಕಿಸಿ ಕೂತಳು. ರಾಗಿ ಬೀಸಿದ ಕೈ ನೋಡಿ. ತಟ್ಟೆ ಅಲುಗದೆ ಒಂದೇ ಸಮ ತಿರುಗಿತು. ಹಾಡು ಬಂತು, ದನಿ ಮಾತ್ರ ತಗಡಿನದು. ಮೊದಲು ಹೇಗಿತ್ತೆಂದು ಯಾರನ್ನು ಕೇಳುವುದು? ನನ್ನನ್ನೇ! ಎಷ್ಟೋ ಸಲ ಆ ಹಾಡುವವಳನ್ನು ಅಣಕಿಸಿದ್ದೆನಲ್ಲ. ನಾನು ಒಂದು ಸಾಲು ಹಾಡುವುದು, ಅತ್ತೆ ತಿರುಗಿಸುವುದು, ಎರಡೂ ಹೊಂದುವವರೆಗೆ ತಿರುಪು ಬಿಗಿಯುವುದು, ಸಡಿಲಿಸುವುದು. ಕೊನೆಗೆ ನನ್ನ ದನಿಯೂ ತಟ್ಟೆಯವಳ ದನಿಯೂ ಒಂದಾಯಿತು. ಅತ್ತೆ, ನಾನು ಇಬ್ಬರೂ ಕುಣಿದೆವು. ಮಾದರಿಗೇ ನೆಗಡಿಯಾಗಿದೆ ಎಂಬುದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ಮಾವನ ಉಗ್ರಾಣಿ ಸಿದ್ದ ಬೀದಿಯಿಂದಲೇ ಕೂಗಿದ: "ಬುದ್ಧಿಯೋರು ಬತ್ತಾವ್ರೆ ಕಣವ್ವೋ, ಒಳೆ ತಾವ್ಲೇ ಅವ್ರೆ!"

ಮಾವ ಕಾಲು ತೊಳೆದವರೇ ಕೀಲಿ ಕೊಟ್ಟು ತಟ್ಟೆ ಹಾಕಿದರು. ಮೂಗಿನಲ್ಲಿ ಹಾಡು ಹೊರಟಿತು. ನಾನು ಕಂಬದ ಹಿಂದೆ, ಅತ್ತೆ ಅಡುಗೆಮನೆಯ ಬಾಗಿಲ ಹಿಂದೆ. ಮಾವನ ಮೀಸೆ ಮೆಲ್ಲಗೆ ಮೇಲೆದ್ದಿತು. ಹಾಡು ಮುಗಿದು, ಹೆಂಗಸು ಮೂಗಿನಲ್ಲೇ ಹೆಸರು ಹೇಳಿ ಸುಮ್ಮನಾದಳು.

"ಯಾರು ಇದನ್ನ ಮುಟ್ಟಿದ್ದು?"

ನಾನು ಕಂಬಕ್ಕೆ ಇನ್ನಷ್ಟು ಅಂಟಿಕೊಂಡೆ. ಆಮೇಲೆ ಬಾಗಿಲ ಹಿಂದಿನಿಂದ ಅದೇ ಧಾಟಿ, ಅದೇ ಮೂಗು, ಅದೇ ಗತ್ತಿನಲ್ಲಿ ಬಂತು:

"ಸಾವಿತ್ರಮ್ಮಾ... ನರಸೀಪುರಾ!"

ಊರನ್ನೆಲ್ಲ ಅಣಕಿಸುವ ನನ್ನ ಬಾಯಿ ತೆರೆದೇ ಉಳಿಯಿತು. ಮಾವ ಪೆಟ್ಟಿಗೆಯನ್ನು ನೋಡಿದರು, ಬಾಗಿಲನ್ನು ನೋಡಿದರು, ಸೀನುತ್ತಿದ್ದ ನನ್ನನ್ನು ನೋಡಿದರು. ನಗು ಹೊಟ್ಟೆಯಿಂದ ಹೊರಟು ಮೀಸೆ ದಾಟುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎದ್ದು ಹೋಗಿ ಹಿಡಿಯನ್ನು ಬಾಗಿಲ ಸಂದಿಯಿಂದ ಒಳಗೆ ಚಾಚಿದರು.

"ತಗೋ ಸಾವಿತ್ರಿ. ಇನ್ನು ಇದು ನಿನ್ಹತ್ರಾನೇ ಇರ್ಲಿ. ಆರತಿ ಮಾತ್ರ ದೂರದಿಂದ."

ಆಮೇಲೆ ಮಾವ ಮೈಸೂರಿನಿಂದ ಹೊಸ ಡಬ್ಬಿ ತರಿಸಿದರೂ ಅತ್ತೆ ಹಾಕಗೊಡಲಿಲ್ಲ. ಈಗ ನನ್ನ ರಬ್ಬರು ಗಡುಸಾಗಿ ಬಿರಿದಿದೆಯಂತೆ. ದನಿ ಮೊದಲಿನ ಹಾಗೇ ಮೂಗಿನಲ್ಲೇ ಬರಬೇಕು, ನೀನೇ ಬಾ ಎಂದು ಹೇಳಿಕಳಿಸಿದ್ದಾಳೆ. ತೇಪೆಯವನ ಹತ್ತಿರ ಒಂದು ತುಂಡು ಕೊಳವೆ ಕೊಂಡು ಜೇಬಿಗೆ ಹಾಕಿಕೊಂಡಿದ್ದೇನೆ. ನಾಳೆ ಗಾಡಿ. ತೊಂದರೆ ಒಂದೇ, ನನಗೀಗ ನೆಗಡಿಯಿಲ್ಲ. ಕಪಿಲೆಯ ನೀರು ಇವತ್ತು ಚೆನ್ನಾಗಿ ತಣ್ಣಗಿದೆ. ಹೋಗಿ ನಾಲ್ಕು ಮುಳುಗು ಹಾಕಿ ಬರುತ್ತೇನೆ.